ಕಲ್ಲಿದ್ದಲು ವ್ಯಾಗನ್‌ಗೆ ಮುಚ್ಚಳ ಬೇಕು

ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ಹಡಗಿನಿಂದ ಇಳಿದ ಕಲ್ಲಿದ್ದಲು ರೈಲೇರಿ ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೊರಡುತ್ತದೆ. ವಾಸ್ಕೊ, ಮಡಗಾಂವ್, ಕುಳೆಂ ದಾಟಿ, ದೂಧಸಾಗರ ಜಲಪಾತವನ್ನು ಹಾದು ಘಟ್ಟ ಏರಿ, ಕ್ಯಾಸಲ್‌ರಾಕ್, ಲೋಂಡಾ, ಅಳ್ನಾವರ, ಧಾರವಾಡ, ಗದಗ, ಕೊಪ್ಪಳ, ಹೊಸಪೇಟೆಗಳ ಮೇಲೆ ಸಾಗುತ್ತದೆ. ವಾಸ್ಕೊದಿಂದ ಹೊಸಪೇಟೆಗೇ ಸುಮಾರು 346 ಕಿಲೋಮೀಟರ್. ಅಷ್ಟು ದೂರವೂ ಬೀಸುವ ಗಾಳಿಗೂ ತುಂಬಿದ ಕಲ್ಲಿದ್ದಲಿಗೂ ನಡುವೆ ಇರುವುದು ಹಗ್ಗದಿಂದ ಬಿಗಿದ ಟಾರ್ಪಾಲಿನ್ ಹೊದಿಕೆ ಮಾತ್ರ. ದೇಶದ ಇತರ ಬಹುತೇಕ ಮಾರ್ಗಗಳಲ್ಲಿ ಕಲ್ಲಿದ್ದಲು ರೇಕ್‌ಗಳಿಗೆ, ಅಂದರೆ ಒಟ್ಟಿಗೆ ಓಡುವ ವ್ಯಾಗನ್ ಸಾಲುಗಳಿಗೆ, ಅದೂ ಇರುವುದಿಲ್ಲ.

ನೂರು ವರ್ಷಗಳಿಂದ ಹೀಗೇ ಸಾಗಿಸುತ್ತಿದ್ದೇವೆ, ಈಗೇನು ಹೊಸ ತಕರಾರು ಎನ್ನುವವರಿದ್ದಾರೆ. ತಕರಾರು ಹೊಸದಲ್ಲ. ವಾಸ್ಕೊದ ಜನ ಕಿಟಕಿಯ ಸರಳು, ಒಣಹಾಕಿದ ಬಟ್ಟೆ, ಅಡುಗೆಮನೆಯ ಪಾತ್ರೆಗಳ ಮೇಲೆ ಕೂರುವ ಕಪ್ಪು ಪುಡಿಯ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. 2017ರ ಏಪ್ರಿಲ್‌ನಲ್ಲಿ ಬಂದರಿನ ವಿಸ್ತರಣೆ ಕುರಿತು ನಡೆದ ಸಾರ್ವಜನಿಕ ವಿಚಾರಣೆ ದಿನಗಟ್ಟಲೆ ಮುಂದುವರಿಯಿತು. 2020ರ ನವೆಂಬರ್‌ನಲ್ಲಿ ದಕ್ಷಿಣ ಗೋವಾದ ಚಾಂದೋರಿನಲ್ಲಿ ಸಾವಿರಾರು ಜನ ರಾತ್ರಿಯಿಡೀ ಹಳಿಯ ಬಳಿ ಸೇರಿ ಜೋಡಿ ಮಾರ್ಗವನ್ನು ವಿರೋಧಿಸಿದರು. ಇನ್ನೊಂದು ಹಳಿ ಬಂದರೆ ಇನ್ನಷ್ಟು ಕಲ್ಲಿದ್ದಲು ಬರುತ್ತದೆ ಎಂಬುದೇ ಅವರ ಆತಂಕವಾಗಿತ್ತು. ಕಾಳಿ ಹುಲಿ ಸಂರಕ್ಷಿತ ಪ್ರದೇಶ ಮತ್ತು ಭಗವಾನ್ ಮಹಾವೀರ ಅಭಯಾರಣ್ಯದ ಸೀಮೆಯ ಈ ಘಟ್ಟದಲ್ಲಿ, ಕ್ಯಾಸಲ್‌ರಾಕ್–ಕುಳೆಂ ನಡುವಿನ ಜೋಡಿ ಹಳಿಗೆ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು.

ಹಳಿ ಒಂದಿರಬೇಕೋ ಎರಡಿರಬೇಕೋ ಎಂಬ ವಾದ ಇಷ್ಟು ದೂರ ಹೋಯಿತು. ಆ ಹಳಿಯ ಮೇಲೆ ಈಗಾಗಲೇ ಓಡುತ್ತಿರುವ ವ್ಯಾಗನ್‌ನ ಮೇಲ್ಭಾಗ ಯಾಕೆ ತೆರೆದಿರಬೇಕು ಎಂಬ ಪ್ರಶ್ನೆ ಮಾತ್ರ ಗಂಭೀರ ಚರ್ಚೆಗೆ ಬರಲೇ ಇಲ್ಲ. ಅದಕ್ಕೆ ಉತ್ತರವಿದೆ, ಆ ಉತ್ತರ ಎಂಜಿನಿಯರಿಂಗ್‌ನಲ್ಲಿದೆ. ವ್ಯಾಗನ್‌ಗೆ ಗಟ್ಟಿ ಮುಚ್ಚಳ ಹಾಕಬೇಕು. ತುಂಬುವಲ್ಲಿ ತಾನಾಗಿ ತೆರೆದು, ಹೊರಡುವಾಗ ತಾನಾಗಿ ಮುಚ್ಚಿಕೊಳ್ಳುವ, ಯಾರೂ ಮೇಲೆ ಹತ್ತಬೇಕಾಗದ ಮುಚ್ಚಳ ಅದು.

ಟಾರ್ಪಾಲಿನ್ ಸಾಲದೇ? ಸಾಲದು. ಕಲ್ಲಿದ್ದಲು ಒಯ್ಯುವ ಬಾಕ್ಸ್‌ಎನ್ ಎಂಬ ತೆರೆದ ವ್ಯಾಗನ್ ಹಳಿಯಿಂದ ಸುಮಾರು 3.2 ಮೀಟರ್ ಎತ್ತರ. ಒಂದು ರೇಕ್‌ನಲ್ಲಿ ಅಂಥ 58 ವ್ಯಾಗನ್‌ಗಳು. ಹೊದಿಕೆ ಹಾಸಲು ಕೂಲಿಯವರು ಒಂದೊಂದನ್ನೂ ಹತ್ತಿ, ಜಾರುವ ಕಲ್ಲಿದ್ದಲಿನ ರಾಶಿಯ ಮೇಲೆ ನಡೆದು, ಹಗ್ಗ ಎಳೆದು ಕಟ್ಟಬೇಕು. ವಿದ್ಯುದೀಕರಣಗೊಂಡ ಮಾರ್ಗದಲ್ಲಿ ತಲೆಯ ಮೇಲೆ 25 ಸಾವಿರ ವೋಲ್ಟ್‌ನ ತಂತಿ ಇರುತ್ತದೆ, ಸಾಮಾನ್ಯವಾಗಿ ಹಳಿಯಿಂದ ಐದೂವರೆ ಮೀಟರ್ ಎತ್ತರದಲ್ಲಿ. ಜೀವಂತ ತಂತಿಯ ಎರಡು ಮೀಟರ್ ಒಳಗೆ ಯಾರೂ ಹೋಗಬಾರದೆಂಬುದು ರೈಲ್ವೆಯದೇ ನಿಯಮ. ವ್ಯಾಗನ್ ಮೇಲೆ ನಿಂತ ಸಾಧಾರಣ ಎತ್ತರದ ಮನುಷ್ಯನ ತಲೆಗೂ ತಂತಿಗೂ ಒಂದು ಮೀಟರ್ ಅಂತರವೂ ಉಳಿಯುವುದಿಲ್ಲ. ಹಾಗಾಗಿಯೇ ತುಂಬುವ ಸೈಡಿಂಗ್‌ಗಳಲ್ಲಿ ತಂತಿ ಎಳೆಯದೆ ಬಿಡುತ್ತಾರೆ ಅಥವಾ ವಿದ್ಯುತ್ ಕಡಿತ ಮಾಡುತ್ತಾರೆ. ದಾರಿಯ ನಡುವೆ ಹಗ್ಗ ಸಡಿಲವಾದರೆ ಏನು ಮಾಡುವುದು? ಹೊದಿಕೆ ಗಾಳಿಗೆ ಎದ್ದು ಬಡಿಯುತ್ತಿದ್ದರೂ ಮುಂದಿನ ನಿಲ್ದಾಣದಲ್ಲಿ ಮೇಲೆ ಹತ್ತಿ ಸರಿಪಡಿಸಲು ಯಾರಿಗೂ ಅನುಮತಿ ಕೊಡುವಂತಿಲ್ಲ, ಕೊಡಲೂಬಾರದು. ಇಷ್ಟು ಅಪಾಯದ ಕೆಲಸವನ್ನು ದಿನಗೂಲಿಯವರ ಹೆಗಲಿಗೆ ಹಾಕಿ ಪರಿಸರ ರಕ್ಷಣೆಯ ಷರತ್ತು ಪೂರೈಸಿದೆವು ಎಂದುಕೊಳ್ಳುವುದು ಅನ್ಯಾಯ.

ದೂಳಿನ ತೊಂದರೆ ಊರಿನವರ ಮೂಗಿಗಷ್ಟೇ ಸೀಮಿತವೂ ಅಲ್ಲ. ಇದನ್ನು ಅಮೆರಿಕದ ರೈಲ್ವೆ ಕಂಪನಿಗಳು ದುಬಾರಿ ಬೆಲೆ ತೆತ್ತು ಕಲಿತವು. ವಯೋಮಿಂಗ್‌ನ ಪೌಡರ್ ರಿವರ್ ಕಣಿವೆಯ ಗಣಿಗಳಿಂದ ದಕ್ಷಿಣಕ್ಕೆ ಹೊರಡುವ ಮಾರ್ಗವನ್ನು ಬಿಎನ್‌ಎಸ್‌ಎಫ್ ಮತ್ತು ಯೂನಿಯನ್ ಪೆಸಿಫಿಕ್ ಜಂಟಿಯಾಗಿ ಬಳಸುತ್ತವೆ. 2005ರ ಮೇ ತಿಂಗಳ ಮಧ್ಯದಲ್ಲಿ ಅಲ್ಲಿ ಎರಡು ದಿನಗಳಲ್ಲಿ ಎರಡು ಕಲ್ಲಿದ್ದಲು ರೈಲುಗಳು ಹಳಿ ತಪ್ಪಿದವು. ವರ್ಷಾನುಗಟ್ಟಲೆ ಉದುರಿದ ಪುಡಿ ಜಲ್ಲಿಯ ಸಂದುಗಳನ್ನೆಲ್ಲ ತುಂಬಿತ್ತು. ಜಲ್ಲಿಯ ಮುಖ್ಯ ಕೆಲಸಗಳಲ್ಲೊಂದು ನೀರನ್ನು ಬಸಿದು ಹೊರಹಾಕುವುದು. ಸಂದು ಮುಚ್ಚಿದಾಗ ಮಳೆ ಮತ್ತು ಕರಗಿದ ಹಿಮದ ನೀರು ಅಲ್ಲೇ ನಿಂತು, ಕಲ್ಲಿದ್ದಲಿನ ಪುಡಿ ಕೆಸರಾಗಿ, ಸ್ಲೀಪರ್‌ಗಳಿಗೆ ಆಧಾರವೇ ಇಲ್ಲವಾಯಿತು. ಆ ದೇಶದ ವಿದ್ಯುತ್ ಸ್ಥಾವರಗಳಿಗೆ ಕಲ್ಲಿದ್ದಲು ತಲುಪುವುದು ತಿಂಗಳುಗಟ್ಟಲೆ ಏರುಪೇರಾಯಿತು. ಒಂದು ವ್ಯಾಗನ್‌ನಿಂದ ಒಂದು ಪ್ರಯಾಣದಲ್ಲಿ ಸುಮಾರು 225 ಕಿಲೋದಿಂದ ಒಂದು ಟನ್‌ವರೆಗೆ ಕಲ್ಲಿದ್ದಲು ಹಾರಿಹೋಗಬಹುದು ಎಂದು ಬಿಎನ್‌ಎಸ್‌ಎಫ್ ತಾನೇ ಅಂದಾಜು ಮಾಡಿತು.

ಆ ಕಂಪನಿ ಕಂಡುಕೊಂಡ ಪರಿಹಾರ ರಾಸಾಯನಿಕ ಲೇಪ. ತುಂಬಿದ ರಾಶಿಯನ್ನು ಗಾಳಿ ಹಿಡಿಯದ ಆಕಾರಕ್ಕೆ ತಂದು, ಮೇಲೆ ಅಂಟುದ್ರಾವಣ ಸಿಂಪಡಿಸಿ ಪದರ ಕಟ್ಟಿಸುವುದು. 2011ರಿಂದ ಕಲ್ಲಿದ್ದಲು ಸಾಗಿಸುವ ಗ್ರಾಹಕರಿಗೆ ಇದನ್ನು ಷರತ್ತಾಗಿ ವಿಧಿಸಿತು. ದೂಳು ಕನಿಷ್ಠ ಶೇ 85ರಷ್ಟು ಇಳಿಯಬೇಕೆಂಬುದು ಗುರಿ. ಆದರೂ ವಿವಾದ ನಿಲ್ಲಲಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಸಿಯೆರಾ ಕ್ಲಬ್ ಮತ್ತಿತರ ಪರಿಸರ ಸಂಘಟನೆಗಳು, ಕಲ್ಲಿದ್ದಲು ಕೊಲಂಬಿಯಾ ನದಿಗೂ ಇತರ ಜಲಮೂಲಗಳಿಗೂ ಬೀಳುತ್ತಿದೆ ಎಂದು ಬಿಎನ್‌ಎಸ್‌ಎಫ್ ವಿರುದ್ಧ ಮೊಕದ್ದಮೆ ಹೂಡಿದವು. 2016ರ ಕೊನೆಯಲ್ಲಿ ರಾಜಿಯಾಯಿತು. ವ್ಯಾಗನ್‌ಗಳಿಗೆ ನಿಜವಾದ ಮುಚ್ಚಳ ಹಾಕುವುದು ವಾಣಿಜ್ಯಿಕವಾಗಿ ಸಾಧ್ಯವೇ ಎಂದು ಅಧ್ಯಯನ ಮಾಡಲು ಕಂಪನಿ ಒಪ್ಪಿದ್ದು ಆ ರಾಜಿಯ ಭಾಗ.

ಅಂಟಿನ ಪದರ ವಯೋಮಿಂಗ್‌ನ ಒಣ ಬಯಲಿಗೆ ಒಗ್ಗಬಹುದು. ಪಶ್ಚಿಮಘಟ್ಟದ ಮಳೆಗೆ ಒಗ್ಗುವುದೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಸಲ್‌ರಾಕ್‌ನಲ್ಲಿ ಸುರಿಯುವ ಮಳೆಯನ್ನು ಕಂಡವರಿಗೆ ಉತ್ತರ ಬೇರೆ ಹೇಳಬೇಕಿಲ್ಲ. ಆ ಘಟ್ಟದಲ್ಲಿ ಸುಮಾರು 26 ಕಿಲೋಮೀಟರ್ ಉದ್ದಕ್ಕೆ 37ಕ್ಕೆ 1ರ ಏರು. ರೇಕ್‌ನ ಹಿಂದೆ ಬ್ಯಾಂಕರ್ ಎಂಜಿನ್‌ಗಳು ಸೇರಿ ದೂಡಿದರೇ ಅದು ಮೇಲೇರುವುದು. ಭೂಕುಸಿತದ ಭಯವಿರುವ, ನೀರು ಬಸಿಯುವುದೇ ಹಳಿಯ ಪ್ರಾಣವಾಗಿರುವ ಅಂಥ ಜಾಗದಲ್ಲಿ ಜಲ್ಲಿಯ ಸಂದಿಗೆ ಕಲ್ಲಿದ್ದಲಿನ ಪುಡಿ ಸೇರುವುದನ್ನು ರೈಲ್ವೆಯ ಹಳಿ ಎಂಜಿನಿಯರ್‌ಗಳೇ ಮೊದಲು ವಿರೋಧಿಸಬೇಕು.

ಮಳೆ ಕಲ್ಲಿದ್ದಲನ್ನೂ ಬಿಡುವುದಿಲ್ಲ. ಉಕ್ಕಿನ ಕಾರ್ಖಾನೆಗೆ ಬರುವ ಕೋಕಿಂಗ್ ಕಲ್ಲಿದ್ದಲು ಬಹುಪಾಲು ಆಮದಿನದು, ದುಬಾರಿ. ನೆನೆದ ಕಲ್ಲಿದ್ದಲಿನ ತೇವವನ್ನು ಕೋಕ್ ಒಲೆಯಲ್ಲಿ ಆರಿಸಲು ಮತ್ತೆ ಇಂಧನ ಸುಡಬೇಕು. ವ್ಯಾಗನ್‌ನೊಳಗೆ ಸೇರಿದ ನೀರನ್ನು ಘಟ್ಟ ಹತ್ತಿಸುವುದಕ್ಕೂ ಎಂಜಿನ್‌ನ ಬಲವೇ ಖರ್ಚಾಗುತ್ತದೆ.

ಮುಚ್ಚಳದ ಯಂತ್ರ ಮಾಯೆಯಲ್ಲ. ಅದರ ಮೂಲ ವಿಚಾರ ಸರಳ. ವ್ಯಾಗನ್‌ನ ಎರಡೂ ಮೇಲಂಚಿಗೆ ಕೀಲು ಹಾಕಿದ ಎರಡು ರೆಕ್ಕೆಗಳು, ಅಥವಾ ಒಂದೇ ಅಂಚಿಗೆ ಹೊರಳುವ ಒಂದು ಹಲಗೆ. ರೆಕ್ಕೆಗೆ ಜೋಡಿಸಿದ ತೋಳಿನ ತುದಿಯಲ್ಲಿ ಒಂದು ಉರುಳೆ. ತುಂಬುವ ಗೋಪುರದ ಬಳಿ ಹಳಿಗೆ ಸಮಾನಾಂತರವಾಗಿ, ಏರಿ ಇಳಿಯುವ ಬಾಗಿದ ಉಕ್ಕಿನ ಪಟ್ಟಿ. ರೇಕ್ ಆಮೆನಡಿಗೆಯಲ್ಲಿ ಗೋಪುರದ ಕೆಳಗೆ ಸಾಗುವಾಗ ಉರುಳೆ ಪಟ್ಟಿಯನ್ನು ಹತ್ತುತ್ತದೆ, ಬೀಗ ಬಿಡುತ್ತದೆ, ರೆಕ್ಕೆ ತೆರೆಯುತ್ತದೆ. ಕಲ್ಲಿದ್ದಲು ತುಂಬಿ ವ್ಯಾಗನ್ ಮುಂದಕ್ಕೆ ಹೋದಂತೆ ಪಟ್ಟಿ ಇಳಿಯುತ್ತದೆ, ರೆಕ್ಕೆ ಮುಚ್ಚಿ ಸ್ಪ್ರಿಂಗ್ ಬೀಗ ಬೀಳುತ್ತದೆ. ವ್ಯಾಗನ್‌ಗೆ ಮೋಟಾರೂ ಬೇಡ, ಬ್ಯಾಟರಿಯೂ ಬೇಡ. ಶಕ್ತಿ ಬರುವುದು ರೈಲಿನ ಚಲನೆಯಿಂದಲೇ. ಗಾಳಿಯೊತ್ತಡದ ಸಿಲಿಂಡರ್ ಬಳಸುವ ಇನ್ನೊಂದು ವಿಧಾನವೂ ಇದೆ. ಯುರೋಪಿನಲ್ಲಂತೂ ತೆರೆಯುವ ಚಾವಣಿಯ ವ್ಯಾಗನ್‌ಗಳದೇ ಒಂದು ವರ್ಗವಿದೆ. ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟ ಅದಕ್ಕೆ ‘ಟಿ’ ಎಂಬ ಅಕ್ಷರವನ್ನೇ ಮೀಸಲಿಟ್ಟಿದೆ. ಧಾನ್ಯ, ಪೊಟ್ಯಾಶ್‌ನಂಥ ನೆನೆಯಬಾರದ ಸರಕನ್ನು ಅಲ್ಲಿ ಹೀಗೆ ಸಾಗಿಸುತ್ತಾರೆ.

ಇಂಥದ್ದು ನಮ್ಮಿಂದಾಗದು ಎನ್ನುವ ಮಾತನ್ನು ಮಾತ್ರ ಒಪ್ಪಲಾಗದು. ಎನ್‌ಟಿಪಿಸಿಯ ರಾಮಗುಂಡಂನಂಥ ಸ್ಥಾವರಗಳಲ್ಲಿ ಗಣಿಯಿಂದ ಸ್ಥಾವರಕ್ಕೆ ಸುತ್ತುತ್ತಲೇ ಇರುವ ರೈಲುಗಳಿವೆ. ಅವುಗಳ ಬಾಬ್ರ್ ವ್ಯಾಗನ್‌ಗಳ ತಳದ ಬಾಗಿಲು ತೆರೆಯುವುದು ಗಾಳಿಯೊತ್ತಡದಿಂದ. ಹಳಿಯ ಪಕ್ಕದ ಉಪಕರಣದಿಂದ ಸಂಕೇತ ಸಿಕ್ಕಿದೊಡನೆ ಬಾಗಿಲು ತೆರೆದು ಕಲ್ಲಿದ್ದಲು ಕೆಳಗಿನ ಗುಂಡಿಗೆ ಸುರಿಯುತ್ತದೆ. ದಶಕಗಳಿಂದ ವ್ಯಾಗನ್‌ನ ತಳವನ್ನು ತಾನಾಗಿ ತೆರೆಯಬಲ್ಲ ದೇಶಕ್ಕೆ ಅದರ ನೆತ್ತಿಯನ್ನು ಮುಚ್ಚುವುದು ಅಸಾಧ್ಯವಲ್ಲ. ಸಂಡೂರಿನ ಗಣಿ ಸೀಮೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ಸಾಗಿಸಲು ಕೊಳವೆಯಂತೆ ಸುತ್ತಿಕೊಳ್ಳುವ, ಸುಮಾರು 24 ಕಿಲೋಮೀಟರ್ ಉದ್ದದ ಕನ್ವೇಯರ್ ಈಗ ಇದೆ. ಲಾರಿಗಳ ಕೆಂದೂಳಿನಿಂದ ಬೇಸತ್ತ ಆ ನಾಡಿನಲ್ಲಿ ಸರಕನ್ನು ಮುಚ್ಚಿ ಒಯ್ಯಬಹುದೆಂದು ಅದು ತೋರಿಸಿದೆ. ಅದೇ ಕಾರ್ಖಾನೆಯ ಇನ್ನೊಂದು ಬಾಗಿಲಿಗೆ ಬರುವ ಕಲ್ಲಿದ್ದಲಿಗೆ ಬೇರೆ ನ್ಯಾಯ ಯಾಕೆ?

ನಿಜವಾದ ಅಡ್ಡಿಗಳಿವೆ, ಅವುಗಳನ್ನು ಮರೆಮಾಚಬೇಕಾಗಿಲ್ಲ. ಮೊದಲನೆಯದು ತೂಕ. ವ್ಯಾಗನ್‌ನ ಅಚ್ಚು ಹೊರಬಲ್ಲ ಭಾರಕ್ಕೆ ಮಿತಿಯಿದೆ. ಮುಚ್ಚಳ ಎಷ್ಟು ಭಾರವೋ ಸರಕು ಅಷ್ಟು ಕಡಿಮೆ. ಒಂದೊಂದು ಮುಚ್ಚಳ ಅರ್ಧ ಟನ್ ತೂಗಿದರೂ 58 ವ್ಯಾಗನ್‌ಗಳ ರೇಕ್‌ಗೆ 29 ಟನ್ ಖೋತಾ. ಒಂದು ವ್ಯಾಗನ್ ಒಯ್ಯುವುದು ಸುಮಾರು 60 ಟನ್, ಅಂದರೆ ನಷ್ಟ ಅರ್ಧ ವ್ಯಾಗನ್‌ನಷ್ಟು, ರೇಕ್‌ನ ಒಟ್ಟು ಸರಕಿನಲ್ಲಿ ಶೇ 1ಕ್ಕೂ ಕಡಿಮೆ. ಫೈಬರ್‌ಗ್ಲಾಸ್ ಬಳಸಿದರೆ ಇದನ್ನು ಇನ್ನೂ ತಗ್ಗಿಸಬಹುದು. ಎದುರಿನ ಲಾಭವನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೆರೆದ ಖಾಲಿ ವ್ಯಾಗನ್ ಓಡುವಾಗ ಒಳಗೆ ಸುಳಿಯುವ ಗಾಳಿ ರೈಲನ್ನು ಹಿಂದಕ್ಕೆ ಜಗ್ಗುತ್ತದೆ. ಮುಚ್ಚಳ ಹಾಕಿದರೆ ಈ ಎಳೆತ ಗಣನೀಯವಾಗಿ ಇಳಿಯುತ್ತದೆಂದು ಅಮೆರಿಕದ ನಾಸಾ ಏಮ್ಸ್ ಕೇಂದ್ರದ ಗಾಳಿಸುರಂಗದಲ್ಲಿ ಮಾದರಿ ವ್ಯಾಗನ್‌ಗಳ ಮೇಲೆ ನಡೆದ ಪರೀಕ್ಷೆಗಳು ತೋರಿಸಿವೆ. ತೋರಣಗಲ್ಲಿನಿಂದ ಬಂದರಿಗೆ ಖಾಲಿ ಮರಳುವ ಪ್ರತಿ ರೇಕ್‌ಗೂ ಇದು ಉಳಿತಾಯ.

ಎರಡನೆಯ ಅಡ್ಡಿ ಹೆಚ್ಚು ಕಠಿಣ. ನಮ್ಮ ಬಾಕ್ಸ್‌ಎನ್ ವ್ಯಾಗನ್‌ಗೆ ತಳದ ಬಾಗಿಲಿಲ್ಲ. ಯಂತ್ರದಿಂದ ಖಾಲಿ ಮಾಡುವ ಕಡೆ ಅದನ್ನು ಟಿಪ್ಲರ್ ಎಂಬ ದೈತ್ಯ ಯಂತ್ರದಲ್ಲಿ ಮಗುಚಿ ಹಾಕುತ್ತಾರೆ. ಮಗುಚುವಾಗ ಟಿಪ್ಲರ್‌ನ ಹಿಡಿಗಳು ವ್ಯಾಗನ್‌ನ ಮೇಲಂಚನ್ನೇ ಒತ್ತಿ ಹಿಡಿಯುತ್ತವೆ. ಕೀಲುಗಳು, ತೋಳುಗಳು, ಉರುಳೆಗಳೆಲ್ಲ ಕೂರಬೇಕಾದ ಜಾಗವೂ ಅದೇ. ಹಿಡಿಯ ಒತ್ತಡಕ್ಕೆ ಕೀಲು ಜಜ್ಜಿದರೆ ಮುಚ್ಚಳ ಮುಂದಿನ ಬಾರಿ ಅರ್ಧಕ್ಕೇ ನಿಲ್ಲುತ್ತದೆ. ಅರ್ಧ ತೆರೆದ ಮುಚ್ಚಳ ಓಡುವ ರೈಲಿನಲ್ಲಿ ಎಷ್ಟು ಅಪಾಯಕಾರಿ ಎಂದರೆ, ಸೇತುವೆಯ ಕಂಬಿಗೋ ಸುರಂಗದ ಗೋಡೆಗೋ ಪಕ್ಕದ ಹಳಿಯ ಪ್ರಯಾಣಿಕ ಗಾಡಿಗೋ ಬಡಿಯಬಹುದು. ಆದ್ದರಿಂದ ಬೀಗ ಎರಡು ಹಂತದ್ದಾಗಿರಬೇಕು. ರೇಕ್ ಸೈಡಿಂಗ್ ಬಿಡುವ ಮುನ್ನ ಪ್ರತಿ ಮುಚ್ಚಳವೂ ಬಿದ್ದಿದೆಯೇ ಎಂದು ಹಳಿಯ ಪಕ್ಕದ ಸಂವೇದಕ ಓದಬೇಕು, ಓದಿ ಹಸಿರು ತೋರದೆ ಗಾಡಿ ಕದಲಬಾರದು. ಪೇಲೋಡರ್ ಬಕೆಟ್‌ನಿಂದ ತುಂಬುವ ಹಳೆಯ ಸೈಡಿಂಗ್‌ಗಳಲ್ಲಿ ಬಕೆಟ್ ತಗುಲಿ ರೆಕ್ಕೆ ಬಾಗುವ ಸಂಭವವೂ ಹೆಚ್ಚು. ಕೋಲ್ ಇಂಡಿಯಾ ತನ್ನ ಮೊದಲ ಮೈಲಿ ಸಂಪರ್ಕ ಯೋಜನೆಗಳಲ್ಲಿ ಪೇಲೋಡರ್ ಬಿಟ್ಟು ಗೋಪುರದಿಂದ ತುಂಬುವ ವ್ಯವಸ್ಥೆಗೆ ಹೊರಳುತ್ತಿರುವುದು ಈ ದೃಷ್ಟಿಯಿಂದ ಒಳ್ಳೆಯ ಸುದ್ದಿ.

ಈ ಅಡ್ಡಿಗಳೇ ಗೋವಾ–ತೋರಣಗಲ್ಲು ಮಾರ್ಗವನ್ನು ಮೊದಲ ಪ್ರಯೋಗಕ್ಕೆ ಸೂಕ್ತವಾಗಿಸುತ್ತವೆ. ದೇಶವೆಲ್ಲ ಅಲೆಯುವ ವ್ಯಾಗನ್‌ಗೆ ಮುಚ್ಚಳ ಹಾಕಿದರೆ ನೂರಾರು ಸೈಡಿಂಗ್‌ಗಳಲ್ಲಿ ಉಪಕರಣ ಬದಲಿಸಬೇಕು. ಇಲ್ಲಿ ಹಾಗಲ್ಲ. ಕೆಲವು ರೇಕ್‌ಗಳನ್ನು ಈ ಮಾರ್ಗಕ್ಕೇ ಮೀಸಲಿಟ್ಟರೆ ತುಂಬುವುದು ಒಂದು ತುದಿಯಲ್ಲಿ, ಇಳಿಸುವುದು ಇನ್ನೊಂದು ತುದಿಯಲ್ಲಿ. ಬದಲಿಸಬೇಕಾದ್ದು ಎರಡೇ ಕಡೆ. ವ್ಯಾಗನ್‌ಗಳಿಗೆ ಖಾಸಗಿಯವರೇ ಹಣ ಹೂಡಿ ಸರಕು ದರದಲ್ಲಿ ರಿಯಾಯಿತಿ ಪಡೆಯುವ ಯೋಜನೆ 2018ರಿಂದಲೇ ಇದೆ. ಘಟ್ಟ ದಾಟುವ ಕಲ್ಲಿದ್ದಲು ರೇಕ್‌ಗೆ ಆ ರಿಯಾಯಿತಿ ಬೇಕಾದರೆ ಮುಚ್ಚಳ ಕಡ್ಡಾಯ ಎಂದು ರೈಲ್ವೆ ಮಂಡಳಿ ಒಂದು ಷರತ್ತು ಸೇರಿಸಲಿ. ಹಣ ಯಾರದು ಎಂಬ ಪ್ರಶ್ನೆಗೂ ಅದರಲ್ಲೇ ಉತ್ತರವಿದೆ: ದೂಳಿನ ಸರಕಿನಿಂದ ಲಾಭ ಪಡೆಯುವವರು ದೂಳು ತಡೆಯುವ ವೆಚ್ಚವನ್ನೂ ಹೊರಬೇಕು. ಈಗ ಆ ವೆಚ್ಚವನ್ನು ಹೊರುತ್ತಿರುವುದು ಹಳಿಯ ಪಕ್ಕದ ಮನೆಗಳು, ಅಲ್ಲಿನ ಮಕ್ಕಳ ಶ್ವಾಸಕೋಶಗಳು.

ಗೋವಾದವರ ಹೋರಾಟವನ್ನು ಕರ್ನಾಟಕ ಬಹುಮಟ್ಟಿಗೆ ದೂರದಿಂದಲೇ ನೋಡಿದೆ. ಆದರೆ ಇದೇ ಪ್ರಶ್ನೆ ಒಡಿಶಾ ಮತ್ತು ಸಿಂಗರೇಣಿ ಗಣಿಗಳಿಂದ ರಾಯಚೂರಿನ ಶಕ್ತಿನಗರಕ್ಕೆ, ಪಣಂಬೂರಿನಿಂದ ಉಡುಪಿ ಜಿಲ್ಲೆಯ ವಿದ್ಯುತ್ ಸ್ಥಾವರಕ್ಕೆ ಹೋಗುವ ರೈಲುಗಳಿಗೂ ಅನ್ವಯಿಸುತ್ತದೆ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ, ಶತಮಾನಕ್ಕೂ ಹಳೆಯ ಕಾರ್ಯಾಗಾರವೂ ಅಲ್ಲೇ ಇದೆ. ಲಖನೌದಲ್ಲಿರುವ ರೈಲ್ವೆಯ ವಿನ್ಯಾಸ ಸಂಸ್ಥೆ ಆರ್‌ಡಿಎಸ್‌ಒ ನಕ್ಷೆ ಒಪ್ಪಿದರೆ ಒಂದೇ ಒಂದು ರೇಕ್‌ಗೆ ಮುಚ್ಚಳ ಜೋಡಿಸಿ, ಮೊದಲು ಟಿಪ್ಲರ್‌ನಲ್ಲಿ ಮಗುಚಿ ನೋಡಿ, ನಂತರ ಒಂದು ಇಡೀ ಮಳೆಗಾಲ ಘಟ್ಟದಲ್ಲಿ ಓಡಿಸಬಹುದು. ಹೊರಡುವಾಗಿನ ತೂಕ, ತಲುಪಿದಾಗಿನ ತೂಕ, ತೇವ, ಸುಟ್ಟ ಇಂಧನ, ಕೆಟ್ಟ ಕೀಲುಗಳು, ಹಳಿಯ ಪಕ್ಕದ ಗಾಳಿಯಲ್ಲಿನ ಕಣಗಳು, ಇವೆಲ್ಲವನ್ನೂ ತೆರೆದ ರೇಕ್‌ನ ಜೊತೆ ಹೋಲಿಸಿ ಅಂಕಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಕರ್ನಾಟಕದ ಸಂಸದರು ಹೊಸ ರೈಲು, ಹೊಸ ನಿಲುಗಡೆ ಕೇಳುವಷ್ಟೇ ಗಟ್ಟಿಯಾಗಿ ಈ ಪ್ರಯೋಗವನ್ನೂ ಕೇಳಲಿ.