ಬಿಳುಪು ಹೋಗೋದು ನಡತೆಯ ಸರ್ಟಿಫಿಕೇಟ್ ಅಲ್ಲ

1/5
ಕ್ಲಾಸಿನಲ್ಲಿ ಯಾರಿಗಾದ್ರೂ ಜ್ವರ ಬಂದ್ರೆ ಗ್ರೂಪಿಗೆ ಮೆಸೇಜ್ ಬರುತ್ತೆ. ಕಣ್ಣುಬೇನೆ ಬಂದ್ರೂ ಬರುತ್ತೆ. "ಬಿಳುಪು ಭಾಳ ಹೋಗಾಕತ್ತೈತಿ, ವಾಸನೆ ಬರ್ತೈತಿ" ಅಂತ ಮಾತ್ರ ಯಾರೂ ಹೇಳಲ್ಲ. ಗ್ರೂಪಿನಲ್ಲಿ ಹೇಳೋದು ಬ್ಯಾಡ, ಸರಿ. ಆದರೆ ಎಷ್ಟೋ ಜನ ಅವ್ವನಿಗೂ ಹೇಳಲ್ಲ, ಡಾಕ್ಟರಿಗೂ ಹೇಳಲ್ಲ. ಹೇಳಿದ್ರೂ "ಉಷ್ಣ ಆಗೈತಿ, ಮಜ್ಜಿಗೆ ಕುಡಿ" ಅನ್ನೋದೇ ಉತ್ತರ. "ಇನ್ಫೆಕ್ಷನ್" ಅಂದ ಕೂಡ್ಲೇ ಜನ ಕಾಯಿಲೆ ಬಿಟ್ಟು ನಡತೆ ಲೆಕ್ಕ ಹಾಕ್ತಾರೆ ಅನ್ನೋ ಅಂಜಿಕೆ. ಈ ಲೆಕ್ಕವೇ ತಪ್ಪು ಅಂತ ನನ್ನ ವಾದ. ಪುರಾವೆ ನಮ್ಮ ಮೈಸೂರಿನದೇ.

2/5
ಡಾ. ಪೂರ್ಣಿಮಾ ಮಧಿವಾನನ್ ಮತ್ತು ಅವರ ತಂಡ 2005ರ ಅಕ್ಟೋಬರಿನಿಂದ 2006ರ ಡಿಸೆಂಬರ್ ತನಕ ಮೈಸೂರಿನ 2 ಕ್ಲಿನಿಕ್‌ಗಳಲ್ಲಿ 15ರಿಂದ 30 ವರ್ಷದ 898 ಹೆಣ್ಣುಮಕ್ಕಳನ್ನು ಪರೀಕ್ಷೆ ಮಾಡಿತು. ಎಲ್ಲರೂ ಲೈಂಗಿಕ ಸಂಪರ್ಕ ಇದ್ದವರೇ. ಲೈಂಗಿಕವಾಗಿ ಹರಡುವ ಸೋಂಕು ಸಿಕ್ಕಿದ್ದು 157 ಮಂದಿಯಲ್ಲಿ. ದೇಹದಲ್ಲಿ ಮೊದಲೇ ಇರೋ ಸೂಕ್ಷ್ಮಜೀವಿಗಳೇ ಮಿತಿಮೀರಿ ಬೆಳೆದು ಆಗುವ ಸೋಂಕು ಸಿಕ್ಕಿದ್ದು 391 ಮಂದಿಯಲ್ಲಿ. ಎರಡು ಪಟ್ಟಿಗಿಂತ ಜಾಸ್ತಿ! ಅಂದ್ರೆ ಹೆಚ್ಚಿನ ಸೋಂಕು ಹೊರಗಿಂದ ಬಂದದ್ದಲ್ಲ, ಒಳಗಿನ ಸಮತೋಲನ ತಪ್ಪಿದ್ದು. ಇನ್ನು ಆ 157 ಮಂದಿ? ಅವರಿಗೂ ಬೇಕಿರೋದು ಔಷಧಿ, ಬೈಗುಳ ಅಲ್ಲ.

3/5
ಸಮತೋಲನ ಅಂದ್ರೆ ಏನು? ಹಾಲು ಹೆಪ್ಪಾಗಿಸುವ ಬ್ಯಾಕ್ಟೀರಿಯಾದ ಬಳಗದವೇ ಆದ ಲ್ಯಾಕ್ಟೊಬ್ಯಾಸಿಲಸ್‌ಗಳು ಯೋನಿಯಲ್ಲೂ ಇರುತ್ತವೆ. ಅವು ಲ್ಯಾಕ್ಟಿಕ್ ಆಮ್ಲ ತಯಾರಿಸಿ ಒಳಗೆ ಹುಳಿ ವಾತಾವರಣ ಕಾಯ್ತವೆ. ಆ ಹುಳಿಯಲ್ಲಿ ಬೇರೆ ಕ್ರಿಮಿಗಳಿಗೆ ಬೆಳೆಯೋದು ಕಷ್ಟ. ಅವು ಕಮ್ಮಿಯಾದಾಗ ಬೇರೆ ಬ್ಯಾಕ್ಟೀರಿಯಾ ಹೆಚ್ಚಿದ್ರೆ ಅದು ಬ್ಯಾಕ್ಟೀರಿಯಲ್ ವಜೈನೋಸಿಸ್. ಮೈಸೂರಿನಲ್ಲಿ ಸ್ಲೈಡ್ ನೋಡಲು ಸಿಕ್ಕ 863 ಮಂದಿಯಲ್ಲಿ 165 ಮಂದಿಗೆ ಇದಿತ್ತು. ಆಂಟಿಬಯಾಟಿಕ್ ತಗೊಂಡ ಮೇಲೆ ತುರಿಕೆ ಶುರುವಾಗೋದೂ ಇಂಥದೇ ಕಥೆ: ಕಾವಲಿನ ಬ್ಯಾಕ್ಟೀರಿಯಾ ಸತ್ತು ಕ್ಯಾಂಡಿಡಾ ಶಿಲೀಂಧ್ರ ಬೆಳೀತದೆ. ಒಳಗೆ ಸೋಪು ಹಾಕಿ ತೊಳೆದ್ರೂ ಕಾವಲು ಕೆಡುತ್ತೆ. ಹೊರಗೆ ನೀರು ಸಾಕು.

4/5
"ತಾನೇ ಹೋಗ್ತೈತಿ ಬಿಡು" ಅಂತೀರಾ? ವಜೈನೋಸಿಸ್ ಎಷ್ಟೋ ಸಲ ನೋವೂ ಇಲ್ಲ, ಉರಿಯೂ ಇಲ್ಲ ಅನ್ನೋ ಹಾಗೆ ಇರುತ್ತೆ. ಆದರೆ ಮೈಸೂರಿನ ಅಧ್ಯಯನದಲ್ಲಿ ಅದು ಇದ್ದವರಲ್ಲೇ ಟ್ರೈಕೊಮೊನಾಸ್ ಮತ್ತು ಹರ್ಪಿಸ್ ಹೆಚ್ಚಾಗಿ ಕಂಡವು. ಟ್ರೈಕೊಮೊನಾಸ್ ಬಂದಾಗ ರೋಗನಿರೋಧಕ ಕೋಶಗಳು ಅಲ್ಲಿಗೆ ಧಾವಿಸ್ತವೆ, ಉರಿಯೂತ ಆಗ್ತದೆ. ಹಾಗೆ ಬಂದ ಸಿಡಿ4 ಕೋಶಗಳೇ ಎಚ್‌ಐವಿ ವೈರಸ್‌ನ ಗುರಿ. ಕಾಯೋಕೆ ಬಂದವರೇ ಕಳ್ಳನಿಗೆ ಬಾಗಿಲು ತೆರೆದ ಹಾಗೆ. ಸೋಂಕು ಮೇಲೇರಿ ಗರ್ಭನಾಳಕ್ಕೆ ತಲುಪಿದ್ರೆ ಮುಂದೆ ಮಕ್ಕಳಾಗೋದಕ್ಕೂ ತೊಂದರೆ ಆಗಬಹುದು. ಸುಮ್ಮನಿರೋದಕ್ಕೆ ಇಷ್ಟೊಂದು ಬೆಲೆ ಕೊಡಬೇಕಾ?

5/5
ಎಲ್ಲ ಬಿಳುಪೂ ರೋಗ ಅಲ್ಲ. ತಿಂಗಳ ನಡುವೆ ತೆಳ್ಳಗೆ, ವಾಸನೆ ಇಲ್ಲದೆ ಹೋಗೋದು ಸಹಜ. ಮೀನಿನಂಥ ವಾಸನೆ, ಮೊಸರಿನ ಗಡ್ಡೆಯಂಥ ಬಿಳುಪು, ಹಸಿರು ಹಳದಿ ಬಣ್ಣ, ತುರಿಕೆ, ಕಿಬ್ಬೊಟ್ಟೆ ನೋವು ಇದ್ರೆ ಡಾಕ್ಟರ್ ಹತ್ರ ಹೋಗ್ರಿ. ಜ್ವರವೂ ಜೊತೆಗಿದ್ರೆ ಅವತ್ತೇ ಹೋಗ್ರಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಗುಳಿಗೆ ನುಂಗಬ್ಯಾಡ್ರಿ. ಒಂದಕ್ಕೆ ಕೊಡೋ ಔಷಧಿ ಇನ್ನೊಂದನ್ನು ಹೆಚ್ಚಿಸಬಹುದು. ಕುಮಾರಪಟ್ಟಣದವರು ರಾಣೆಬೆನ್ನೂರಿಗೆ ಹೋಗಬಹುದು. ಅಲ್ಲಿ ಪರಿಚಯದವರು ಸಿಗ್ತಾರಂತ ಅಂಜಿಕೆಯಾ? ಹೊಳಿ ದಾಟಿದ್ರೆ ಹರಿಹರ. ಯಾವ ಕಡೆ ಹೋದ್ರೂ ಸರಿ, ಹೋಗ್ರಿ.

ಹುಡುಗರೇ, ಸ್ಕ್ರೋಲ್ ಮಾಡಿ ಹೋಗಬ್ಯಾಡ್ರಿ. ಟ್ರೈಕೊಮೊನಾಸ್ ಗಂಡಸರಲ್ಲಿ ಸಾಮಾನ್ಯವಾಗಿ ಲಕ್ಷಣ ತೋರಿಸಲ್ಲ, ಆದರೆ ಹರಡುತ್ತೆ. ಒಬ್ಬರಿಗೆ ಮಾತ್ರ ಔಷಧಿ ಕೊಟ್ರೆ ಅದು ಮತ್ತೆ ವಾಪಸ್ ಬರುತ್ತೆ. ಹಾಗಾಗಿ ಇದು ಬರೀ "ಹೆಣ್ಣುಮಕ್ಕಳ ವಿಷಯ" ಅಲ್ಲ.

ಸೇವ್ ಮಾಡ್ಕೊಳ್ರಿ. ಬಾಯಿ ಬಿಟ್ಟು ಹೇಳೋಕಾಗದ ಗೆಳತಿ ಇದ್ರೆ ಸುಮ್ನೆ ಕಳಿಸ್ರಿ. ಏನೂ ಕೇಳಬ್ಯಾಡ್ರಿ.