ಗೊಂಬೆಯ ಚಿತ್ರ, ಸಾಲದ ಲೆಕ್ಕ

ಬಾರ್ಬಿ ಗೊಂಬೆಯ ಕಾರ್ಟೂನ್ ಚಿತ್ರಗಳ ಮಾತು ಬಂದರೆ ಸಾಕು, ನಮ್ಮ ಬಳಗದಲ್ಲಿ ಎರಡು ಪಂಗಡಗಳಾಗುತ್ತವೆ. ಒಂದು ಪಂಗಡದವರು ಕಣ್ಣು ಅರೆಮುಚ್ಚಿ, 'ಅಯ್ಯೋ, ಎಂಥಾ ದಿನಗಳಪ್ಪಾ ಅವು!' ಅಂತ ಉಸಿರು ಬಿಡುತ್ತಾರೆ. ಇನ್ನೊಂದು ಪಂಗಡದವರು, ಅಂದರೆ ಎರಡು ವಿಮರ್ಶೆಯ ಪುಸ್ತಕ ಓದಿಕೊಂಡವರು, 'ಅದೆಲ್ಲ ಬಂಡವಾಳಶಾಹಿಯ ಜಾಹೀರಾತು ಕಣಯ್ಯಾ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. 2023ರಲ್ಲಿ ಗ್ರೆಟಾ ಗರ್ವಿಗ್ ನಿರ್ದೇಶನದ 'ಬಾರ್ಬಿ' ಬಂದು 140 ಕೋಟಿ ಡಾಲರಿಗೂ ಮೇಲೆ ಗಳಿಸಿದ ಮೇಲಂತೂ ಎರಡೂ ಕಡೆಯವರ ದನಿ ಏರಿದೆ. ನಾನು ಕಾಮರ್ಸ್ ಓದುವವನು. ನನಗೆ ಇಬ್ಬರ ಮೇಲೂ ಒಂದೇ ತಕರಾರು. ಇಬ್ಬರೂ ಖಾತೆ ಪುಸ್ತಕ ಬಿಚ್ಚಿ ನೋಡಿಲ್ಲ.

ಈ ಸಲದ ದೀಪಾವಳಿ ರಜೆಯಲ್ಲಿ ನಾನು ಕೂತು ನೋಡಿದ್ದು 2004ರ ಚಿತ್ರ, 'ಬಾರ್ಬಿ ಆಸ್ ದಿ ಪ್ರಿನ್ಸೆಸ್ ಅಂಡ್ ದಿ ಪಾಪರ್'. ಹುಡುಗನಾಗಿ ಇದನ್ನು ಬರೆಯುತ್ತೀಯಲ್ಲ ಅಂತ ನಗುವವರು ನಗಲಿ. ಏಳು ವರ್ಷದವನಾಗಿದ್ದಾಗ ನಮ್ಮ ಚಾಳಿನಲ್ಲಿ ಅಕ್ಕನ ಗೆಳತಿಯೊಬ್ಬಳ ಹತ್ತಿರ ಅದರ ಸಿಡಿ ಇತ್ತು. ಆಗ ನಾವಿಬ್ಬರೂ ಮುನಿಸಿಪಾಲಿಟಿಯ ಕನ್ನಡ ಶಾಲೆಯ ಮಕ್ಕಳು. ಇಂಗ್ಲಿಷ್ ಮಾತು ಒಂದೂ ತಿಳೀತಿರಲಿಲ್ಲ. ಅಕ್ಕ ಮಾತುಗಳನ್ನೆಲ್ಲ ತಾನೇ ಕಟ್ಟಿ ಕನ್ನಡದಲ್ಲಿ ಹೇಳುತ್ತಿದ್ದಳು. ಅವಳ ಕನ್ನಡದಲ್ಲಿ ಖಳನಾಯಕ ನಮ್ಮ ಬಾಡಿಗೆ ವಸೂಲಿಗೆ ಬರುವವನ ಥರಾನೇ ಮಾತಾಡುತ್ತಿದ್ದ. ಈಗ ಇಂಗ್ಲಿಷ್ ತಿಳಿಯುತ್ತದೆ. ತಿಳಿದು ನೋಡಿದರೆ ಅಕ್ಕನ ಅನುವಾದ ಅಷ್ಟೇನೂ ದೂರ ಹೋಗಿರಲಿಲ್ಲ.

ನೋಡದವರಿಗಾಗಿ ಕತೆ ಎರಡು ಮಾತಿನಲ್ಲಿ ಹೇಳುತ್ತೇನೆ. ರಾಜಕುಮಾರಿ ಆನಲೀಸ್ ಮತ್ತು ಬಡ ದರ್ಜಿ ಹುಡುಗಿ ಎರಿಕಾ ನೋಡಲು ಒಂದೇ ಥರ, ಕೂದಲ ಬಣ್ಣ ಮಾತ್ರ ಬೇರೆ. ರಾಜ್ಯದ ಚಿನ್ನದ ಗಣಿ ಬರಿದಾಗಿದೆ, ಬೊಕ್ಕಸ ಖಾಲಿ. ಮಗಳನ್ನು ಶ್ರೀಮಂತ ರಾಜನಿಗೆ ಕೊಟ್ಟರೆ ರಾಜ್ಯ ಉಳಿಯುತ್ತದೆ ಅಂತ ರಾಣಿಯ ಎಣಿಕೆ. ಚಿನ್ನ ಕದ್ದವನು ಆಸ್ಥಾನದ ಸಲಹೆಗಾರ ಪ್ರೆಮಿಂಜರನೇ. ಅವನು ರಾಜಕುಮಾರಿಯನ್ನು ಅಪಹರಿಸುತ್ತಾನೆ, ಅವಳ ಜಾಗಕ್ಕೆ ಎರಿಕಾ ಬರುತ್ತಾಳೆ. ಮಾರ್ಕ್ ಟ್ವೇನ್ 1881ರಲ್ಲಿ ಬರೆದ 'ದಿ ಪ್ರಿನ್ಸ್ ಅಂಡ್ ದಿ ಪಾಪರ್' ಕಾದಂಬರಿಯ ಎಳೆ ಇದು. ಹುಡುಗರ ಜಾಗದಲ್ಲಿ ಹುಡುಗಿಯರನ್ನಿಟ್ಟು, ಬೆಕ್ಕುಗಳನ್ನೂ ಹಾಡುಗಳನ್ನೂ ಸೇರಿಸಿದ್ದಾರೆ.

ಗಣಿಯ ಸಂಗತಿ ಬಿಡಿ. ಒಂದೇ ಗಣಿಯನ್ನು ನಂಬಿದ ರಾಜ್ಯ, ಲೆಕ್ಕ ಪರಿಶೋಧನೆ ಅನ್ನೋದೇ ಇಲ್ಲ, ಸಲಹೆಗಾರ ಚಿನ್ನ ಹೊತ್ತುಕೊಂಡು ಹೋದರೂ ಯಾರಿಗೂ ಗೊತ್ತಿಲ್ಲ! ನಮ್ಮ ಆಡಿಟಿಂಗ್ ಮೇಷ್ಟರಿಗೆ ಹೇಳಿದರೆ ಪರೀಕ್ಷೆಗೆ ಪ್ರಶ್ನೆ ಮಾಡಿಯಾರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಿಕಾಳ ಸಾಲ.

ಎರಿಕಾ ಮೇಡಂ ಕಾರ್ಪ್ ಎಂಬಾಕೆಯ ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಮಾಡುತ್ತಾಳೆ. ಸಂಬಳಕ್ಕಲ್ಲ. ಅಪ್ಪ ಅಮ್ಮ ಮಾಡಿದ್ದ ಸಾಲ ತೀರಿಸಲು. ಇಂಗ್ಲಿಷಿನಲ್ಲಿ ಇದಕ್ಕೊಂದು ಮೆದುವಾದ ಹೆಸರಿರಬಹುದು. ಕನ್ನಡದಲ್ಲಿ ಇದಕ್ಕೆ ಒಂದೇ ಹೆಸರು: ಜೀತ. ಸಾಲ ಮಾಡಿದವರು ಹೋದರು, ದುಡಿಯುವವಳು ಮಗಳು. ನಮ್ಮ ಕಡೆಯ ಹಳ್ಳಿಗಳಲ್ಲಿ ತಲೆಮಾರುಗಟ್ಟಲೆ ನಡೆದು ಬಂದದ್ದು ಇದೇ ತಾನೇ? ಗುಲಾಬಿ ಬಣ್ಣದ ಪೆಟ್ಟಿಗೆಯಲ್ಲಿ ಬಂದ ಮಕ್ಕಳ ಚಿತ್ರದ ನಡುವೆ ಜೀತ ಇದೆ ಅಂತ ನಮ್ಮ ಉಸಿರು ಬಿಡುವ ಪಂಗಡ ನೆನಪಿಸಿಕೊಳ್ಳುವುದಿಲ್ಲ, ಜಾಹೀರಾತು ಅನ್ನುವ ಪಂಗಡ ನೋಡಿಯೇ ಇಲ್ಲ.

ಭಾರತದಲ್ಲಿ 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಆ ಕಾಯ್ದೆಯ ಪ್ರಕಾರ ಜೀತದ ಸಾಲ ತೀರಿಸುವ ಹೊಣೆಯೇ ಅಳಿದು ಹೋಗುತ್ತದೆ. ಹಿರಿಯರಿಂದ ವಾರಸಾಗಿ ಬಂದ ಹೊಣೆಗೆ ದುಡಿಯುವುದೂ ಜೀತವೇ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಎರಿಕಾ ನಮ್ಮ ದೇಶದವಳಾಗಿದ್ದರೆ ಅವಳಿಗೆ ರಾಜಕುಮಾರಿಯ ಮುಖ ಬೇಕಾಗಿರಲಿಲ್ಲ. (ಕಾಗದದ ಮೇಲೆ ಅಂತ ಸೇರಿಸಿಬಿಡುತ್ತೇನೆ. ಕಾಯ್ದೆ ಬಂದ ಮೇಲೂ ಜೀತದವರನ್ನು ಬಿಡಿಸಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇದೆ.) ಚಿತ್ರದಲ್ಲಿ ಎರಿಕಾ ಬಿಡುಗಡೆಯಾಗುವುದು ಅವಳ ಮುಖ ರಾಜಕುಮಾರಿಯ ಮುಖದಂತೆ ಇದ್ದುದರಿಂದ. ಆ ಊರಿನಲ್ಲಿ ಸಾಲಕ್ಕೆ ಹೊಲಿಯುವವಳು ಅವಳೊಬ್ಬಳೇ ಇದ್ದಳೇ? ಮುಖ ಬೇರೆ ಥರ ಇದ್ದವರ ಗತಿ ಏನಾಯಿತು? ಟ್ವೇನನ ರಾಜಕುಮಾರ ಹರಕು ಬಟ್ಟೆಯಲ್ಲಿ ಅಲೆದು, ತನ್ನ ದೇಶದ ಕಾನೂನು ಬಡವರನ್ನು ಹೇಗೆ ಹಿಂಡುತ್ತದೆ ಅಂತ ಕಣ್ಣಾರೆ ನೋಡಿ, ಪಟ್ಟಕ್ಕೆ ಬಂದ ಮೇಲೆ ದಯೆಯಿಂದ ಆಳುತ್ತಾನೆ. ಆನಲೀಸಳೂ ಕಾರ್ಪಳ ಅಂಗಡಿಯಲ್ಲಿ ಸಿಕ್ಕಿಬೀಳುತ್ತಾಳೆ, ಆದರೆ ಹೊರಗೆ ಬಂದ ಮೇಲೆ ಕಾನೂನಿನ ಮಾತೇ ಇಲ್ಲ. ಗಣಿಯ ಕಲ್ಲುಗಳೊಳಗೆ ಬೆಲೆಬಾಳುವ ಹರಳು ಸಿಗುತ್ತದೆ, ಬೊಕ್ಕಸ ತುಂಬುತ್ತದೆ, ಜೋಡಿ ಮದುವೆ ನಡೆಯುತ್ತದೆ. ನೂರಾ ಇಪ್ಪತ್ತಮೂರು ವರ್ಷದಲ್ಲಿ ಕತೆ ಮುಂದೆ ಹೋಗುವ ಬದಲು ಹಿಂದೆ ಬಂದಿದೆ ಅನ್ನೋದು ನನ್ನ ಅಭಿಪ್ರಾಯ.

ಒಂದು ಮಾತು ಮಾತ್ರ ಚಿತ್ರದ ಪರವಾಗಿ ಹೇಳಲೇಬೇಕು. ಬಿಡುಗಡೆಯಾದ ತಕ್ಷಣ ಎರಿಕಾ ರಾಜನನ್ನು ಮದುವೆಯಾಗಿ ಕೂರುವುದಿಲ್ಲ. ಹಾಡುತ್ತಾ ಊರೂರು ತಿರುಗಲು ಹೊರಡುತ್ತಾಳೆ, ತನಗೆ ಬೇಕೆನಿಸಿದಾಗ ವಾಪಸು ಬರುತ್ತಾಳೆ. ಅಷ್ಟು ವರ್ಷ ಒಂದೇ ಅಂಗಡಿಯ ಗೋಡೆ ನೋಡಿದವಳಿಗೆ ಮೊದಲು ಬೇಕಾದದ್ದು ದಾರಿ. ಅದನ್ನು ಬರೆದವರಿಗೆ ಏನೋ ಗೊತ್ತಿತ್ತು.

ಇನ್ನು ಜಾಹೀರಾತಿನ ಮಾತು. ಹೌದು, ಜಾಹೀರಾತೇ. ಮ್ಯಾಟೆಲ್ ಕಂಪನಿಯ ರೂತ್ ಹ್ಯಾಂಡ್ಲರ್ ಈ ಗೊಂಬೆಯನ್ನು 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಬಿಡುಗಡೆ ಮಾಡಿದರು. ಬೆಲೆ 3 ಡಾಲರ್. ಗೊಂಬೆ ಅಗ್ಗ, ಅದರ ಉಡುಪು ಬೇರೆ ಬೇರೆಯಾಗಿ ಮಾರಾಟ. ರೇಜರ್ ಅಗ್ಗಕ್ಕೆ ಕೊಟ್ಟು ಬ್ಲೇಡಿನಲ್ಲಿ ದುಡ್ಡು ಮಾಡುವ ಸೂತ್ರ ಅಂತ ನಮ್ಮ ಮಾರ್ಕೆಟಿಂಗ್ ಪಾಠದಲ್ಲಿದೆ, ಅದೇ. ಆಟಿಕೆಯನ್ನೇ ಕಾರ್ಟೂನ್ ಮಾಡುವುದೂ ಹೊಸದಲ್ಲ. 1969ರಲ್ಲಿ ಇದೇ ಕಂಪನಿಯ ಹಾಟ್ ವೀಲ್ಸ್ ಕಾರುಗಳ ಮೇಲೆ ಒಂದು ಕಾರ್ಟೂನ್ ಬಂದಾಗ, ಇದು ಅರ್ಧ ಗಂಟೆಯ ಜಾಹೀರಾತು ಎಂದು ಎದುರಾಳಿ ಆಟಿಕೆ ಕಂಪನಿಯೇ ಅಮೆರಿಕದ ಪ್ರಸಾರ ಆಯೋಗಕ್ಕೆ ದೂರು ಕೊಟ್ಟಿತ್ತು. ಆಗ ಆಯೋಗ ಕಿವಿಗೊಟ್ಟಿತು. 1984ರಲ್ಲಿ ಕಟ್ಟುಪಾಡುಗಳನ್ನು ಸಡಿಲಿಸಿತು, ಆಮೇಲೆ ಆಟಿಕೆ ಕಾರ್ಟೂನುಗಳದ್ದೇ ರಾಜ್ಯ. ಬಾರ್ಬಿಯ ಪೂರ್ಣ ಪ್ರಮಾಣದ ಚಿತ್ರಗಳು ಶುರುವಾದದ್ದು 2001ರಲ್ಲಿ, ಬ್ರಾಟ್ಜ್ ಎಂಬ ಎದುರಾಳಿ ಗೊಂಬೆ ಪೇಟೆಗೆ ಬಂದ ವರ್ಷವೇ. ನಮ್ಮ ಈ ಚಿತ್ರ ಬಂದಾಗ ಹಾಡುವ ಆನಲೀಸ್, ಹಾಡುವ ಎರಿಕಾ ಗೊಂಬೆಗಳೂ ಅಂಗಡಿಗೆ ಬಂದವು. ನಮ್ಮ ಮನೆಗೆ ಯಾವ ಗೊಂಬೆಯೂ ಬರಲಿಲ್ಲ. ಕಂಪನಿಗೆ ನಮ್ಮಿಂದ ಒಂದು ಪೈಸೆ ಹೋಗಿಲ್ಲ. ಜಾಹೀರಾತನ್ನು ಪುಕ್ಕಟೆ ನೋಡಿ ಕತೆಯನ್ನು ಮಾತ್ರ ಇಟ್ಟುಕೊಂಡ ಗಿರಾಕಿಗಳು ನಾವು. ಅಂಥವರು ಈ ದೇಶದಲ್ಲಿ ಬಹಳ ಜನ ಇದ್ದಾರೆ. ಅವರನ್ನೆಲ್ಲ 'ಮೋಸಹೋದವರು' ಅಂತ ಕರೆಯುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ.

ಆದರೆ ಒಂದು ಸಂಗತಿ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮೊದಲ ಬಾರ್ಬಿಗಳು ತಯಾರಾದದ್ದು ಜಪಾನಿನಲ್ಲಿ. ಅವುಗಳ ಪುಟ್ಟ ಪುಟ್ಟ ಉಡುಪುಗಳನ್ನು ಕೈಯಿಂದ ಹೊಲಿದವರು ಅಲ್ಲಿ ಮನೆಯಲ್ಲೇ ಕೂತು ಕೆಲಸ ಮಾಡುವವರು. ಎಂದರೆ ಎರಿಕಾ ತೆರೆಯ ಮೇಲೆ ಬರುವುದಕ್ಕೆ ನಲವತ್ತೈದು ವರ್ಷ ಮೊದಲೇ ಗೊಂಬೆಯ ಹಿಂದೆ ದರ್ಜಿ ಕೆಲಸದವರು ಇದ್ದರು. ಚಿತ್ರದ ಟೈಟಲಿನಲ್ಲಿ ನೂರಾರು ಹೆಸರು ಓಡುತ್ತವೆ, ಅವರ ಹೆಸರು ಯಾವ ಪೆಟ್ಟಿಗೆಯ ಮೇಲೂ ಬಂದಿಲ್ಲ.

ಮನೆಯಲ್ಲಿ ಕೂತು ಹೊಲಿಯುವುದು ಅಂದರೆ ಏನು ಅಂತ ನನಗೆ ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಅಮ್ಮ ಹದಿನಾರು ವರ್ಷದಿಂದ ಸೀರೆಗೆ ಫಾಲ್ ಹಚ್ಚುತ್ತಾಳೆ. ಅಂಗಡಿಯವನು ಗಿರಾಕಿಯ ಹತ್ತಿರ ತೆಗೆದುಕೊಳ್ಳುವುದು ಒಂದು ಸೀರೆಗೆ 90 ರೂಪಾಯಿ, ಅಮ್ಮನಿಗೆ ಕೊಡುವುದು 30. ಸೂಜಿ ದಾರ ಅಮ್ಮನದು, ಕರೆಂಟು ಅಮ್ಮನದು, ಕಣ್ಣು ಅಮ್ಮನದು. ಅಕ್ಕನ ಫೀಸಿಗೆ ಅಂತ ಅವನಲ್ಲೇ ಮುಂಗಡ ತೆಗೆದುಕೊಂಡ ವರ್ಷ, ಮೂರು ತಿಂಗಳು ಸೀರೆಗಳ ಗಂಟು ಬಂತು, ದುಡ್ಡು ಬರಲಿಲ್ಲ. ಯಾರೂ ಅದನ್ನು ಜೀತ ಅನ್ನಲಿಲ್ಲ. ಅಡ್ವಾನ್ಸ್ ಅಂದರು.

ದೀಪಾವಳಿಯಲ್ಲಿ ನಾನು ಚಿತ್ರ ನೋಡುತ್ತಿದ್ದಾಗ ಅಮ್ಮ ಪಕ್ಕದಲ್ಲೇ ಒಂದು ಪೈಠಣಿ ಹರಡಿಕೊಂಡು ಕೂತಿದ್ದಳು. ಎರಿಕಾ ಹೊಲಿಯುವ ದೃಶ್ಯ ಬಂದಾಗ ತಲೆಯೆತ್ತಿ ನೋಡಿ, 'ಅವಳು ಹಾಡಿಕೊಂಡು ಹೊಲೀತಾಳಲ್ಲೋ, ಬಾಯಲ್ಲಿ ದಾರ ಕಚ್ಚಿಕೊಳ್ಳೋದು ಬೇಡವೇನೋ ಅವಳಿಗೆ?' ಅಂದಳು. ಇಷ್ಟು ವರ್ಷದಲ್ಲಿ ಈ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಕೇಳಿಲ್ಲ. ಅಷ್ಟು ಹೇಳಿ ಸೂಜಿ ಕೆಳಗಿಟ್ಟು ಕೊನೆಯತನಕ ನೋಡಿದಳು. ಎರಿಕಾ ಊರು ಬಿಟ್ಟು ಹೊರಟ ದೃಶ್ಯಕ್ಕೆ 'ಹೋಗಲಿ, ಹೋಗಲಿ' ಅಂತ ತನ್ನಷ್ಟಕ್ಕೇ ಅಂದದ್ದೂ ನನಗೆ ಕೇಳಿಸಿತು.

ಅದಕ್ಕೇ ನನ್ನದೊಂದು ಸೂಚನೆ. ನಮ್ಮ ಬಳಗದ ಮುಂದಿನ ತಿಂಗಳ ಚಿತ್ರ ಪ್ರದರ್ಶನಕ್ಕೆ ಯಾವುದೋ ಪ್ರಶಸ್ತಿ ಬಂದ ಚಿತ್ರದ ಬದಲು ಇದನ್ನು ಹಾಕೋಣ. ಎರಡೂ ಪಂಗಡದವರು ಬರಲಿ, ಅವರ ಅಮ್ಮಂದಿರನ್ನೂ ಕರೆತರಲಿ. ಚಿತ್ರ ಮುಗಿದ ಮೇಲೆ 1976ರ ಕಾಯ್ದೆಯ ಮೊದಲ ನಾಲ್ಕು ಪುಟ ಕನ್ನಡದಲ್ಲಿ ಓದಿ ಹೇಳುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ. ಪ್ರೊಜೆಕ್ಟರ್ ಕಾಲೇಜಿನಲ್ಲಿದೆ. ಸಿಡಿ ಈಗ ಅಕ್ಕನ ಟ್ರಂಕಿನಲ್ಲಿದೆ, ಗೆಳತಿಗೆ ವಾಪಸು ಕೊಟ್ಟಿಲ್ಲ.