ಹಣ ಕಟ್ಟಿ ಹತ್ತುವ ಹಡಗಲ್ಲ ಇದು

ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರು ಏಜೆಂಟರಿಗೆ ಒಂದಿಷ್ಟು ಹಣ ಕಟ್ಟಿದರೆ ಬಾಂಬೆ ಹೈ ತೈಲಕ್ಷೇತ್ರದ ಸರಕು ದೋಣಿಗಳಲ್ಲಿ ಕೆಲಸ ಖಚಿತ ಎಂಬ ಲೇಖನ ಓದಿ ಸಿಟ್ಟು ಬಂತು. ಮಗನ ನೌಕರಿಗಾಗಿ ಎಲೆಬಳ್ಳಿ ತೋಟವನ್ನೇ ಅಡವಿಡಬಲ್ಲ ತಂದೆಯರು ನಮ್ಮ ಸವಣೂರಿನಲ್ಲಿದ್ದಾರೆ. ಅವರಿಗೆ ಹೇಳುವ ಮಾತೇ ಇದು?

ಕೆಲಸ ಕೊಡಿಸಲು ನಾವಿಕನಿಂದ ಹಣ ಕೀಳುವುದೇ ಕಾನೂನುಬಾಹಿರ. ನೌಕಾಯಾನ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ (ನಾವಿಕರ ನೇಮಕಾತಿ) ಪರವಾನಗಿ ಇಲ್ಲದ ಏಜೆಂಟರು ನೇಮಕಾತಿ ಮಾಡುವಂತೆಯೇ ಇಲ್ಲ. ಡೆಕ್ ಮೇಲಿನ ಕೆಳಹಂತದ ಕೆಲಸಕ್ಕೂ ಮಾನ್ಯತೆ ಪಡೆದ ಸಂಸ್ಥೆಯಲ್ಲಿ 6 ತಿಂಗಳ ಜಿಪಿ ರೇಟಿಂಗ್ (ಸಾಮಾನ್ಯ ನಾವಿಕ) ತರಬೇತಿ, ಸುರಕ್ಷತಾ ಕೋರ್ಸ್‌ಗಳು, ನಾವಿಕನ ಸೇವಾ ದಾಖಲೆಯಾದ ಸಿಡಿಸಿ ಪುಸ್ತಕ ಬೇಕು. ಇಷ್ಟಾದರೂ ಮೊದಲ ಹಡಗಿಗೆ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಲೇಖಕರು ಇದನ್ನೆಲ್ಲ ನುಂಗಿಬಿಟ್ಟಿದ್ದಾರೆ.

ಕೆಲಸವೂ ಸುಲಭದ್ದಲ್ಲ. ದೋಣಿ ಹಿಮ್ಮುಖವಾಗಿ ತೈಲ ವೇದಿಕೆಯ ಬದಿಗೆ ಸರಿದು ನಿಲ್ಲುತ್ತದೆ, ಮೇಲಿನಿಂದ ಕ್ರೇನಿನ ಕೊಕ್ಕೆ ತೂಗಾಡುತ್ತ ಇಳಿಯುತ್ತದೆ. ಒದ್ದೆ ಡೆಕ್ಕಿನ ಮೇಲೆ ನಿಂತವನು ಅಲೆಯ ಏರಿಳಿತ ನೋಡಿಕೊಂಡು ಅದನ್ನು ಪೈಪುಗಳ ಕಟ್ಟಿಗೆ ಸಿಕ್ಕಿಸಬೇಕು. ತಪ್ಪಿದರೆ ಕೈ ಹೋಗುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮುಂಬೈ ಕಡಲಲ್ಲಿಯೇ ಪಿ-305 ಬಾರ್ಜ್ ಮುಳುಗಿ, ದುಡಿಯಲು ಹೋಗಿದ್ದ 70ಕ್ಕೂ ಹೆಚ್ಚು ಮಂದಿ ಸತ್ತರು.

ಬಯಲುಸೀಮೆಯ ಹುಡುಗರು ಕಡಲಿಗೆ ಹೋಗಬಾರದು ಎನ್ನುತ್ತಿಲ್ಲ. ಹೋಗಲಿ, ಕಲಿತು ಹೋಗಲಿ. ಆದರೆ ಪೋಷಕರೇ, ಏಜೆಂಟನ ಪರವಾನಗಿ ಸಂಖ್ಯೆ ಮಹಾನಿರ್ದೇಶನಾಲಯದ ಪಟ್ಟಿಯಲ್ಲಿದೆಯೇ ಎಂದು ನೋಡದೆ ಮಗನ ಪಾಸ್‌ಪೋರ್ಟನ್ನು ಯಾರ ಕೈಗೂ ಕೊಡಬೇಡಿ.